ಹುಟ್ಟು ಹಾಕಲು ಬರುತ್ತದೆ ಎಂದಿದ್ದೆ

ಕಾರಿನ ಹಿಂಬದಿಯಲ್ಲಿ

ದೋಣಿಯ ಹುಟ್ಟಿಗೆ ಎರಡು ತುದಿಗಳಲ್ಲೂ ಹಲಗೆ ಇರಬಹುದೆಂದು ನನಗೆ ಗೊತ್ತಾದದ್ದು ಕೆನಡಾದ ಒಂದು ಸರೋವರದ ದಡದಲ್ಲಿ. ಅಷ್ಟು ಹೊತ್ತಿಗೆ, ಈಜು ಬಾರದ ನಾನು ಒಂದು ಸುಳ್ಳನ್ನು ಹೇಳಿ ಮುಗಿಸಿಯೂ ಆಗಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕಡಬದ ಕಡೆ ಹಳ್ಳಿಗಳಲ್ಲಿ ಹೆರಿಗೆ ನೋಡುವ ನರ್ಸ್. ಬೇರೆ ಬೇರೆ ದೇಶಗಳ ಹಳ್ಳಿ ನರ್ಸುಗಳನ್ನು ಎರಡು ತಿಂಗಳು ಕರೆಸಿಕೊಂಡು ತಮ್ಮಲ್ಲಿಯ ಕೆಲಸ ತೋರಿಸುವ ಒಂದು ಯೋಜನೆಯಲ್ಲಿ ಹೇಗೋ ನನ್ನ ಹೆಸರೂ ಬಂತು. ಹೊರಡುವ ಮುಂಚೆ ಪುತ್ತೂರಿನ ನನ್ನ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಎಂತ ತಿನ್ನುದು ಮಾರಾಯ್ತಿ ನೀನು? ಕುಚ್ಚಲಕ್ಕಿ ಸಿಗ್ತದಾ?" ಸಿಗುವುದಿಲ್ಲ ಎಂದು ಅವಳೇ ತೀರ್ಮಾನಿಸಿ ಒಂದು ಬಾಟಲಿ ಮಿಡಿ ಉಪ್ಪಿನಕಾಯಿಯನ್ನು ಸೀರೆಯ ನಡುವೆ ಸುತ್ತಿಟ್ಟಳು.

ನಾನು ಉಳಿದುಕೊಂಡದ್ದು ಡೊರೊಥಿ ಎಂಬ ನಿವೃತ್ತ ನರ್ಸಿನ ಮನೆಯಲ್ಲಿ. ಅರುವತ್ತು ದಾಟಿದ ಹೆಂಗಸು. ಅವಳ ಜೊತೆ ಅವಳ ಅಣ್ಣ ವಾಲ್ಟರ್, ಬಡಗಿ ಕೆಲಸ ಮಾಡಿದವನು, ಮದುವೆಯಾಗಿರಲಿಲ್ಲ. ಇಬ್ಬರೂ ಮಾತಾಡಿದ್ದು ಇಂಗ್ಲಿಷಿನಲ್ಲೇ ಆದರೂ ಅದು ನನ್ನ ತಲೆಯೊಳಗೆ ಹೋಗುವಾಗ ನಮ್ಮೂರಿನ ಮಾತಾಗಿಯೇ ಹೋಗುತ್ತಿತ್ತು, ಹಾಗೆಯೇ ಬರೆಯುತ್ತೇನೆ.

ಒಂದು ತಿಂಗಳಿನಿಂದ ನಾನು ಆ ಮನೆಯಲ್ಲಿ "ಗೊತ್ತಿಲ್ಲ" ಎನ್ನುತ್ತಲೇ ಇದ್ದೆ. ಬಟ್ಟೆ ಒಗೆಯುವ ಯಂತ್ರ ಗೊತ್ತಿಲ್ಲ, ಮುಳ್ಳುಚಮಚ ಯಾವ ಕೈಗೆ ಗೊತ್ತಿಲ್ಲ, ಸ್ನಾನದ ಮನೆಯ ಬಿಸಿನೀರಿನ ನಲ್ಲಿ ಯಾವ ಕಡೆ ತಿರುಗುತ್ತದೆ ಗೊತ್ತಿಲ್ಲ. ಒಂದು ಸಂಜೆ ಊಟದ ಮೇಜಿನಲ್ಲಿ ಡೊರೊಥಿ, "ಮಳೆಗಾಲದಲ್ಲಿ ಹೆರಿಗೆ ಮನೆಗಳಿಗೆ ನೀನು ಹೋಗುದು ಹೇಗೆ?" ಎಂದು ಕೇಳಿದಳು.

"ದೋಣಿಯಲ್ಲಿ."

"ದಿನಾಲೂ?"

"ಹೆಚ್ಚು ಕಮ್ಮಿ ದಿನಾಲೂ."

ವಾಲ್ಟರನ ಮುಖ ಅರಳಿತು. "ಹಾಗಾದ್ರೆ ನಿಂಗೆ ಹುಟ್ಟು ಹಾಕ್ಲಿಕ್ಕೆ ಬರ್ತದೆ."

"ಬರ್ತದೆ" ಎಂದುಬಿಟ್ಟೆ.

ನಿಜ ಹೇಳಬೇಕೆಂದರೆ, ಇಚಿಲಂಪಾಡಿಯ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದ ಅದ್ರಾಮಾಕ ಯಾರನ್ನೂ ಹುಟ್ಟಿನ ಹತ್ತಿರ ಬಿಟ್ಟವರೇ ಅಲ್ಲ. ಕೆಂಪು ನೀರು ಹರಿಯುವಾಗ ಅವರು ನನಗೆ ಹೇಳುತ್ತಿದ್ದುದು ಇಷ್ಟೇ: "ಸಿಸ್ಟರೇ, ನೀವು ಅಲ್ಲಾಡದೆ ಕೂತ್ರೆ ಸಾಕು. ಅದೇ ನಂಗೆ ದೊಡ್ಡ ಉಪಕಾರ." ಹನ್ನೊಂದು ವರ್ಷ ನಾನು ಮಾಡಿದ್ದು ಆ ಉಪಕಾರವನ್ನು ಮಾತ್ರ.

ಅಣ್ಣ ತಂಗಿ ಪ್ರತಿ ಬೇಸಗೆಯಲ್ಲೂ ನಾಲ್ಕೈದು ದಿನ ದೋಣಿಯಲ್ಲಿ ಕಾಡು ಸುತ್ತುವವರು. ಈ ಸಲ ಡೊರೊಥಿಯ ಭುಜದಲ್ಲಿ ನೋವು. ಹೋಗುವುದೇ ಬೇಡ ಎಂದುಕೊಂಡಿದ್ದರಂತೆ. ಹುಟ್ಟು ಹಾಕಬಲ್ಲ ಅತಿಥಿ ಸಿಕ್ಕಿದ ಮೇಲೆ ಕೇಳಬೇಕೇ? ಮರುವಾರವೇ ಕಾರಿನ ತಲೆಯ ಮೇಲೆ ದೋಣಿ ಏರಿತು.

ಸರೋವರದ ದಡದಲ್ಲಿ ಕಾರಿನ ಹಿಂಬಾಗಿಲು ತೆರೆದು ವಾಲ್ಟರ್ ಎರಡು ಹುಟ್ಟುಗಳನ್ನು ನನ್ನ ಮುಂದೆ ಹಿಡಿದ. ಒಂದು ಅವನೇ ಕೆತ್ತಿದ್ದು, ಚೆರ್ರಿ ಮರದ್ದು, ಒಂದು ತುದಿಯಲ್ಲಿ ಹಲಗೆ, ಇನ್ನೊಂದು ತುದಿಯಲ್ಲಿ ಅಂಗೈಗೆ ಕೂರುವ ಹಿಡಿ. ಇನ್ನೊಂದು ಡೊರೊಥಿ ಆ ವರ್ಷ ತರಿಸಿಕೊಂಡದ್ದು: ಅಡಿಕೆ ಕೊಯ್ಯುವ ನಮ್ಮ ದೋಟಿಯಷ್ಟಲ್ಲದಿದ್ದರೂ ನನಗಿಂತ ಎಷ್ಟೋ ಉದ್ದದ ಕೋಲು, ಎರಡೂ ತುದಿಗಳಲ್ಲಿ ಹಲಗೆ, ನಡುವೆ ಬಿಚ್ಚಿ ಎರಡು ತುಂಡು ಮಾಡಬಹುದಾದದ್ದು.

"ಜೋಡಿ ಹಲಗೆ ತಕೋ" ಎಂದಳು ಡೊರೊಥಿ. "ಎಡಕ್ಕೊಂದು ಬಲಕ್ಕೊಂದು ಹಾಕಿದ್ರೆ ದೋಣಿ ತಾನೇ ನೆಟ್ಟಗೆ ಹೋಗ್ತದೆ. ಗಾಳಿಗೂ ಒಳ್ಳೆದು."

"ನೀರು ಪೂರಾ ಮಡಿಲಿಗೆ ಬೀಳ್ತದೆ" ಎಂದ ವಾಲ್ಟರ್. "ಸಪುರ ತೋಡಿನಲ್ಲಿ ಎರಡೂ ದಡದ ಪೊದೆಗೆ ಸಿಕ್ಕಿ ಹಾಕಿಕೊಳ್ತದೆ. ಅಭ್ಯಾಸ ಇಲ್ಲದವರಿಗೆ ಅದು."

ಅಭ್ಯಾಸ ಇಲ್ಲದವರಿಗೆ! ಆ ಒಂದು ಮಾತು ಸಾಕಾಯಿತು. ಅದ್ರಾಮಾಕನ ಕೈಯಲ್ಲಿ ಕಂಡದ್ದೂ ಒಂಟಿ ಹಲಗೆಯದ್ದೇ. ಕಂಡದ್ದನ್ನು ಅಣಕಿಸುವುದು ಕಾಣದ್ದನ್ನು ಅಣಕಿಸುವುದಕ್ಕಿಂತ ಸುಲಭ ಎಂದುಕೊಂಡು ಚೆರ್ರಿ ಮರದ ಹುಟ್ಟನ್ನು ಕೈಗೆತ್ತಿಕೊಂಡೆ. ವಾಲ್ಟರ್ ತಂಗಿಯ ಕಡೆ ಗೆದ್ದವನ ಹಾಗೆ ನೋಡಿದ. ಅವಳು ತನ್ನದನ್ನು ಬಿಚ್ಚಿ, ಎರಡೂ ತುಂಡುಗಳನ್ನು ದೋಣಿಯ ತಳದಲ್ಲಿ ಮಲಗಿಸಿ, "ಇರಲಿ, ಅದು ಅನ್ನ ಕೇಳುದಿಲ್ಲ" ಎಂದಳು.

ಮೊದಲ ದಿನ, ನೀರಿನ ಮೇಲೆ

ಮುಂದೆ ನಾನು, ನಡುವೆ ಡೊರೊಥಿ, ಹಿಂದೆ ದಾರಿ ಹಿಡಿಸುವ ವಾಲ್ಟರ್. ಸೀರೆ ಆಗುವುದಿಲ್ಲವೆಂದು ಡೊರೊಥಿಯ ಪ್ಯಾಂಟು ತೊಟ್ಟಿದ್ದೆ. ಸೊಂಟಕ್ಕೆ ಹಗ್ಗ ಕಟ್ಟಿ ನಿಲ್ಲಿಸಬೇಕಾಯಿತು. ಮೇಲೆ ತೇಲು ಅಂಗಿ. ಅದನ್ನು ಕಟ್ಟಿಕೊಂಡ ಮೇಲೆ ಕೊರಳು ತಿರುಗಿಸಲು ಆಗುತ್ತಿರಲಿಲ್ಲ, ಆದ್ದರಿಂದ ಹಿಂದೆ ಕೂತವರ ಮುಖದಲ್ಲಿ ಏನಿದೆ ಎಂದು ನನಗೆ ತಿಳಿಯುವಂತಿರಲಿಲ್ಲ. ಅದೊಂದು ದೊಡ್ಡ ಸಂಕಟ.

ನೀರು ಅಲ್ಲಾಡದೆ ಮಲಗಿತ್ತು. ನಮ್ಮ ಹೊಳೆಗೆ ಆಚೆ ದಡವಿದೆ, ಆಚೆ ದಡದಲ್ಲಿ ಯಾರಾದರೂ "ಓಯ್" ಎನ್ನುವವರಿದ್ದಾರೆ. ಇಲ್ಲಿ ಆಚೆ ದಡವೆಂಬುದು ದೂರದಲ್ಲಿ ಎಳೆದ ಒಂದು ಕಪ್ಪು ಗೆರೆ. ನಡುವೆ ಎಷ್ಟು ಆಳ ಎಂದು ಕೇಳಬಾರದಿತ್ತು, ಕೇಳಿದೆ. "ನಾವು ಅಳೆದದ್ದಿಲ್ಲ" ಎಂದ ವಾಲ್ಟರ್, ಸಮಾಧಾನ ಹೇಳುವವನ ಹಾಗೆ.

ನನ್ನ ಹುಟ್ಟು ಒಮ್ಮೆ ನೀರಿನೊಳಗೆ ಆಳಕ್ಕೆ ಇಳಿದು ನನ್ನನ್ನೇ ಎಳೆಯುತ್ತಿತ್ತು, ಇನ್ನೊಮ್ಮೆ ನೀರಿನ ಮೇಲೆಯೇ ಜಾರಿ ಡೊರೊಥಿಯ ಮುಖಕ್ಕೆ ಎರಚುತ್ತಿತ್ತು. ಅವಳು ಮುಖ ಒರೆಸಿಕೊಂಡಳು. ಭುಜಕ್ಕೆ ವಿಶ್ರಾಂತಿ ಸಿಕ್ಕಿದ ಖುಷಿಯಲ್ಲಿ ಟೊಪ್ಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು ಗಂಟುಗಳಿಗೆ ಒರಗಿ ಮಲಗಿಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ವಾಲ್ಟರನ ಸ್ವರ ಬಂತು.

"ನಿಮ್ಮ ಹೊಳೆಯ ನೀರು ತುಂಬಾ ಗಟ್ಟಿಯಾ?"

"ಯಾಕೆ?"

"ನೀನು ಹೊಡೆಯುದು ನೋಡಿ ಕೇಳಿದೆ."

ನನ್ನ ಕಿವಿ ಬಿಸಿಯಾಯಿತು. ಅವನು ಮತ್ತೇನೂ ಕೇಳಲಿಲ್ಲ. ಹುಟ್ಟು ಎತ್ತುವಾಗ ಮಣಿಕಟ್ಟನ್ನು ಹೇಗೆ ತಿರುಗಿಸಬೇಕು, ತೋಳಿಗಿಂತ ಬೆನ್ನಿನಿಂದ ಹೇಗೆ ಎಳೆಯಬೇಕು ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುವವನ ಹಾಗೆ ಮೆಲ್ಲಗೆ ಹೇಳುತ್ತಾ ಹೋದ. ನಾನು ಗೊತ್ತಿದ್ದವಳ ಹಾಗೆ ತಲೆಯಾಡಿಸುತ್ತಾ ಕದ್ದು ಕಲಿಯುತ್ತಿದ್ದೆ.

ಸಂಜೆ ದಡದಲ್ಲಿ ಡೇರೆ ಹಾಕಿದರು. ಅವರು ಸರೋವರದ ನೀರನ್ನು ಹಾಗೆಯೇ ಲೋಟದಲ್ಲಿ ಮೊಗೆದು ಕುಡಿದುಬಿಟ್ಟರು. ನೀರು ಕುದಿಸಿ ಕುಡಿಯಿರಿ ಎಂದು ಮನೆಮನೆಗೆ ಹೇಳುತ್ತಾ ಬಂದ ನಾನು ನನ್ನ ಪಾಲನ್ನು ಬೆಂಕಿಯ ಮೇಲೆ ಕುದಿಯಲು ಇಟ್ಟೆ. ಉಳಿದ ತಿಂಡಿಯನ್ನೆಲ್ಲ ಚೀಲದಲ್ಲಿ ತುಂಬಿ ಎತ್ತರದ ಮರಕ್ಕೆ ಕಟ್ಟಿದರು. ಕರಡಿ ಬಂದರೆ ಅದಕ್ಕೆ ಸಿಗಬಾರದಂತೆ. ತಿಂಡಿ ಮೇಲೆ, ನಾವು ಕೆಳಗೆ. ಇದು ಯಾವ ಲೆಕ್ಕವೋ ನನಗೆ ಅರ್ಥವಾಗಲಿಲ್ಲ.

ಅಂಗೈಯಲ್ಲಿ ನಾಲ್ಕು ಬೊಕ್ಕೆ ಎದ್ದಿದ್ದವು. ಅಭ್ಯಾಸದಿಂದ ಅನ್ನಕ್ಕೆ ಉಪ್ಪಿನಕಾಯಿ ಕಲಸಲು ಕೈ ಹಾಕಿದ್ದೇ ತಡ, ಕಣ್ಣಲ್ಲಿ ನೀರು ಬಂತು. "ಖಾರವಾ?" ಎಂದಳು ಡೊರೊಥಿ. "ಹೌದು" ಎಂದೆ. ಒಂದು ಸುಳ್ಳಿಗೆ ಇನ್ನೊಂದನ್ನು ಹೊದಿಸಬೇಕಾಗುತ್ತದೆ. ಬಾಯಿಬಿಟ್ಟು ಹೇಳಿಬಿಡೋಣ ಎಂದುಕೊಂಡೆ. ಆದರೆ ಅವಳು ನನ್ನ ತಟ್ಟೆಗೆ ಇನ್ನಷ್ಟು ಬಡಿಸುತ್ತಾ, "ನೀನಿಲ್ಲದಿದ್ರೆ ಈ ವರ್ಷ ನಾವು ಇಲ್ಲಿಗೆ ಬರ್ತಾನೇ ಇರ್ಲಿಲ್ಲ" ಎಂದಳು. ನಾನು ಬಡಿಸಿದ್ದನ್ನು ತಿಂದೆ.

ಎರಡನೆಯ ದಿನ, ತೋಡು

ದೊಡ್ಡ ಸರೋವರದಿಂದ ಒಂದು ಚಿಕ್ಕ ಕೊಳಕ್ಕೆ ಹೋಗುವ ದಾರಿ ಒಂದು ತೋಡು, ಸಣ್ಣ ಹಳ್ಳದಂಥದ್ದು. ಎರಡೂ ಕಡೆಯ ಪೊದೆಗಳು ನೀರಿನ ಮೇಲೆ ಬಾಗಿ ಕೈ ಕುಲುಕುತ್ತಿದ್ದವು. ಇಲ್ಲಿ ವಾಲ್ಟರ್ ಹೇಳಿದ್ದು ನಿಜವಾಯಿತು. ಒಂಟಿ ಹಲಗೆಯ ಹುಟ್ಟನ್ನು ನೆಟ್ಟಗೆ ನಿಲ್ಲಿಸಿ ಇಳಿಸಿದರೆ ಒಂದು ಎಲೆಗೂ ತಾಗುವುದಿಲ್ಲ. ಆ ಉದ್ದದ ಕೋಲನ್ನು ಇಲ್ಲಿ ಅಡ್ಡ ಹಿಡಿಯಲು ಸಾಧ್ಯವೇ ಇರಲಿಲ್ಲ. "ನೋಡಿದಿಯಾ ಡೊರೊಥಿ?" ಎಂದು ಅವನು ಮೂರು ತಿರುವುಗಳಲ್ಲಿ ಮೂರು ಸಲ ಕೇಳಿದ. ಮೂರನೆಯ ಸಲಕ್ಕೆ ಅವಳು, "ನೋಡಿದೆ ಮಾರಾಯ, ಈಗ ಸ್ವಲ್ಪ ಹಕ್ಕಿ ನೋಡ್ಲಿಕ್ಕೂ ಬಿಡು" ಎಂದಳು.

ನನಗೂ ಕೈ ಸ್ವಲ್ಪ ಕೂತಿತ್ತು. ಮಧ್ಯಾಹ್ನದ ಹೊತ್ತಿಗೆ ನೀರು ಎರಚುವುದು ನಿಂತಿತು. ಸುಳ್ಳು ತಾನಾಗಿಯೇ ನಿಜವಾಗುತ್ತಿದೆ, ಇನ್ನು ಹೇಳುವ ಅಗತ್ಯವೇ ಇಲ್ಲ ಎಂದು ಮನಸ್ಸು ಲೆಕ್ಕ ಹಾಕಿತು. ಹೆದರಿಕೆ ಮಾತ್ರ ಆ ಲೆಕ್ಕವನ್ನು ಒಪ್ಪಲಿಲ್ಲ.

ಮೂರನೆಯ ದಿನ, ಬಂಡೆ

ಬೆಳಿಗ್ಗೆ ಚಿಕ್ಕ ಕೊಳದ ದಡದಿಂದ ದೋಣಿಯನ್ನು ನೀರಿಗೆ ಎಳೆಯುವಾಗ ವಾಲ್ಟರ್ ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿ ಬಿದ್ದ. ಬೀಳುವಾಗ ಬಲಗೈ ಊರಿದ. ಒಣ ಕಡ್ಡಿ ಮುರಿದ ಸದ್ದು ಹತ್ತು ಮಾರು ದೂರದಲ್ಲಿದ್ದ ನನಗೂ ಕೇಳಿಸಿತು.

ನಾವಿಬ್ಬರೂ ನರ್ಸುಗಳು, ಅಷ್ಟರ ಮಟ್ಟಿಗೆ ಅವನ ಅದೃಷ್ಟ ಚೆನ್ನಾಗಿತ್ತು. ಮಣಿಕಟ್ಟಿನ ಮೇಲೆ ಎಲುಬು ಓರೆಯಾಗಿತ್ತು. ನಾನು ರಾತ್ರಿ ಉಡಲೆಂದು ತಂದಿದ್ದ ಹಳೆಯ ನೂಲಿನ ಸೀರೆಯನ್ನು ಹರಿದೆವು, ಸೌದೆಯಲ್ಲಿ ಚಪ್ಪಟೆಯಾದ ಎರಡನ್ನು ಆರಿಸಿ ಕೈಗೆ ಕಟ್ಟಿದೆವು. ಮಾತಿಲ್ಲದೆ ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಳ್ಳುತ್ತಾ ಮಾಡಿದ ಆ ಕೆಲಸದಲ್ಲಿ ನಾನು ಯಾವುದನ್ನೂ ನಟಿಸಬೇಕಾಗಿರಲಿಲ್ಲ. ಆದರೆ ಕಟ್ಟಿ ಮುಗಿಸಿ ಅವನ ಬೆರಳು ಮುಟ್ಟಿ ನೋಡಿದರೆ ತಣ್ಣಗಿತ್ತು, ಉಗುರಿನ ಬುಡ ನೀಲಿ. ಕಟ್ಟು ಸಡಿಲಿಸಿದರೂ ಬಣ್ಣ ತಿರುಗಲಿಲ್ಲ. ಡೊರೊಥಿ ನನ್ನ ಮುಖ ನೋಡಿದಳು. ರಕ್ತ ಸರಿಯಾಗಿ ಹೋಗುತ್ತಿಲ್ಲ. ಸಂಜೆಯೊಳಗೆ ಆಸ್ಪತ್ರೆ ಸೇರದಿದ್ದರೆ ಕೈಯ ಗತಿ ಏನಾದೀತೆಂದು ಇಬ್ಬರಿಗೂ ಗೊತ್ತಿತ್ತು. ಕೆತ್ತನೆ ಮಾಡುವ ಕೈ ಅದು.

ಎರಡು ದಿನದಿಂದ ಇನ್ನೊಬ್ಬ ಮನುಷ್ಯನ ಮುಖ ನಾವು ಕಂಡಿರಲಿಲ್ಲ. ಡೊರೊಥಿ ಎದ್ದು ಪಟಪಟನೆ ಹೇಳಿದಳು: "ಡೇರೆ, ಗಂಟು ಎಲ್ಲ ಇಲ್ಲೇ ಇರಲಿ. ವಾಲ್ಟರ್ ನಡುವೆ ಕೂರಲಿ. ಮುಂದೆ ನಾನು, ಆದಷ್ಟು ಹಾಕ್ತೇನೆ. ಹಿಂದೆ ನೀನು. ದೊಡ್ಡ ನೀರಿನಲ್ಲಿ ಗಾಳಿ ಇರ್ತದೆ, ಆದ್ರೆ ನಿಂಗೆ ಹೊಳೆಯ ಸೆಳೆತವೇ ಗೊತ್ತುಂಟಲ್ಲ."

ಹಿಂದೆ ಕೂರುವುದೆಂದರೆ ದೋಣಿಯ ಜುಟ್ಟು ಹಿಡಿಯುವುದು. ಮೂರು ಜೀವ.

"ನಂಗೆ ಗೊತ್ತಿಲ್ಲ" ಎಂದೆ.

"ಎಂತ ಗೊತ್ತಿಲ್ಲ?"

"ಹುಟ್ಟು ಹಾಕ್ಲಿಕ್ಕೆ. ಮೊನ್ನೆಯವರೆಗೆ ಕೈಯಲ್ಲಿ ಹಿಡಿದವಳಲ್ಲ. ಊರಿನಲ್ಲಿ ದೋಣಿ ನಡೆಸುವವರು ಬೇರೆ ಉಂಟು. ನಾನು ಸುಮ್ಮನೆ ಕೂರುದು. ನಂಗೆ ಈಜ್ಲಿಕ್ಕೂ ಬರುದಿಲ್ಲ."

ಡೊರೊಥಿ ನನ್ನನ್ನೇ ನೋಡಿದಳು. "ಮೊನ್ನೆ ಅಷ್ಟು ದೊಡ್ಡ ನೀರಿನ ನಡುವೆ ನಾನು ಕಣ್ಣು ಮುಚ್ಚಿ ಮಲಗಿದ್ದೆ" ಎಂದಳು. "ನಿನ್ನನ್ನು ನಂಬಿ."

"ನನಗೆ ಮೊದಲ ಏಟಿಗೇ ಗೊತ್ತಾಗಿತ್ತು" ಎಂದ ವಾಲ್ಟರ್, ಹಲ್ಲು ಕಚ್ಚಿಕೊಂಡೇ. "ಕಲೀತಾಳೆ ಅಂತ ಸುಮ್ಮನಿದ್ದೆ."

"ನೀನೂ ಹೇಳ್ಲಿಲ್ಲ!" ಡೊರೊಥಿ ಅವನ ಕಡೆ ತಿರುಗಿದಳು. "ಒಂಟಿ ಹಲಗೆ ಆರಿಸಿದಳು ಅಂತ ನಿಂಗೆ ಖುಷಿ. ಅಷ್ಟೇ ನಿಂಗೆ ಬೇಕಾದ್ದು."

ಅವನು ಎಡಗೈ ಊರಿ ಎದ್ದು ನಿಂತ. "ಹಿಂದೆ ನಾನೇ ಕೂರ್ತೇನೆ. ಎಡಗೈ ಇನ್ನೂ ಉಂಟು" ಎಂದ.

ಅವನ ಹುಟ್ಟನ್ನು ಎಡಗಂಕುಳಿಗೆ ಸಿಕ್ಕಿಸಿ ಚುಕ್ಕಾಣಿಯ ಹಾಗೆ ನೀರಿಗೆ ಬಿಡುವುದು, ಮುಂದೆ ಮತ್ತೆ ನಾನು, ನಡುವೆ ಡೊರೊಥಿ ಎಂದಾಯಿತು. ಡೊರೊಥಿ ತಳದಲ್ಲಿ ಬಿದ್ದಿದ್ದ ಎರಡು ತುಂಡುಗಳನ್ನು ಟಕ್ಕೆಂದು ಜೋಡಿಸಿ ನನ್ನ ಕಾಲಬುಡದಲ್ಲಿ ಇಟ್ಟಳು. "ದೊಡ್ಡ ನೀರಿಗೆ ಹೋದ ಮೇಲೆ ಇದನ್ನು ಹಿಡಿ. ಇದಕ್ಕೆ ವಿದ್ಯೆ ಬೇಡ. ಜೀವದಲ್ಲಿ ಬಲ ಇದ್ರೆ ಸಾಕು."

ದೊಡ್ಡ ನೀರು

ತೋಡಿನಲ್ಲಿ ಒಂಟಿ ಹಲಗೆಯಿಂದಲೇ ಸಾಗಿದೆವು. ಡೊರೊಥಿ ಪೊದೆಗಳನ್ನು ಕೈಯಿಂದ ಸರಿಸುತ್ತಿದ್ದಳು. ತೋಡಿನ ಬಾಯಿ ದಾಟಿದ ಕೂಡಲೇ ಗಾಳಿ ಎದುರಿನಿಂದ ಬಂದು ಎದೆಗೆ ಗುದ್ದಿತು. ಮೊನ್ನೆ ಮಲಗಿದ್ದ ನೀರು ಈಗ ಎದ್ದು ಕೂತಿತ್ತು. ಬಿಳಿ ನೊರೆ ಹೊತ್ತ ತೆರೆಗಳು ಸಾಲುಸಾಲಾಗಿ ನಮ್ಮ ಕಡೆಗೇ.

ನಾನು ಹುಟ್ಟು ಬದಲಿಸಿದೆ. ಎಡಕ್ಕೆ ಒಂದು, ಬಲಕ್ಕೆ ಒಂದು. ನಡುವೆ ಬಿಡುವು ಎಂಬುದಿಲ್ಲ. ಒಂದು ಹಲಗೆ ನೀರಿನಿಂದ ಏಳುವಾಗ ಇನ್ನೊಂದು ಇಳಿಯುತ್ತಿರುತ್ತದೆ. ದೋಣಿ ಮೆಲ್ಲಗೆ ಮುಂದೆ ಹೋಯಿತು. ವಾಲ್ಟರ್ ಹೇಳಿದ್ದೂ ಸುಳ್ಳಲ್ಲ: ಮೇಲೇಳುವ ಹಲಗೆಯಿಂದ ನೀರು ಕೋಲಿನುದ್ದಕ್ಕೂ ಹರಿದು ತೋಳಿನೊಳಗೆ, ಮಡಿಲಿಗೆ, ತೊಡೆಗೆ ಸುರಿಯುತ್ತಿತ್ತು. ಮಂಜುಗಡ್ಡೆಯಂಥ ನೀರು. ನೂರು ಸಲ ಹಾಕುವಷ್ಟರಲ್ಲಿ ಸೊಂಟದ ಕೆಳಗೆ ಮೈ ಇದೆಯೋ ಇಲ್ಲವೋ ತಿಳಿಯದಾಯಿತು. ಬೊಕ್ಕೆಗಳು ಒಡೆದು ಕೋಲು ಜಾರತೊಡಗಿತು. ನೋಡಿದರೆ ಕೆಂಪು.

"ಹಿಂದೆ ಹೋಗುವ" ಎಂದು ಕೂಗಿದೆ. "ನಂಗೆ ಆಗುದಿಲ್ಲ."

"ಈಗ ತಿರುಗಿಸಿದ್ರೆ ತೆರೆ ಬದಿಗೆ ಹೊಡೀತದೆ" ಎಂದ ವಾಲ್ಟರ್. "ಮಗುಚ್ತೇವೆ. ಎದುರಿಗೇ ಹೋಗು. ಬಲಕ್ಕೆ ಒಂದು ದ್ವೀಪ ಕಾಣ್ತದಾ? ಅಲ್ಲಿಯವರೆಗೆ ಮಾತ್ರ."

ದ್ವೀಪ ಕಾಣುತ್ತಿತ್ತು. ಎಷ್ಟು ಹಾಕಿದರೂ ಅದು ಹತ್ತಿರ ಬರುತ್ತಿರಲಿಲ್ಲ. ನನ್ನ ಹಿಂದೆ ಡೊರೊಥಿ ಒಳಗೆ ಬಿದ್ದ ನೀರನ್ನು ಲೋಟದಿಂದ ಹೊರಚೆಲ್ಲುವ ಸದ್ದು ಮಾತ್ರ ಕೇಳುತ್ತಿತ್ತು. ನಾನು ದ್ವೀಪವನ್ನು ನೋಡುವುದನ್ನು ಬಿಟ್ಟೆ. ಯಾವಾಗ ಶುರು ಮಾಡಿದೆನೋ ಗೊತ್ತಿಲ್ಲ, ಬಾಯಿ ತಾನಾಗಿಯೇ ತುಳುವಿನಲ್ಲಿ ಕೂಗುತ್ತಿತ್ತು: "ನನೊರ ಮಗಾ, ನನೊರ! ನನೊರ!" ಇನ್ನೊಂದು ಸಲ ಮಗಾ, ಇನ್ನೊಂದು ಸಲ. ಒಂದೊಂದು ಕೂಗಿಗೆ ಒಂದೊಂದು ಹಲಗೆ. ಗಾಳಿ ಆ ಮಾತನ್ನು ಬಾಯಿಂದ ಕಿತ್ತು ಹಿಂದಕ್ಕೆ ಎಸೆಯುತ್ತಿತ್ತು. ಸ್ವಲ್ಪದರಲ್ಲೇ ವಾಲ್ಟರನೂ ಅರ್ಥ ತಿಳಿಯದೆ "ನನೊರ! ನನೊರ!" ಎನ್ನತೊಡಗಿದ. ಅವನಿಗೆ ನೋವು ಮರೆಯಲು ಏನಾದರೂ ಬೇಕಿತ್ತು.

ದ್ವೀಪದ ಮರೆಗೆ ಬಂದಾಗ ಗಾಳಿ ಬಾಗಿಲು ಮುಚ್ಚಿದ ಹಾಗೆ ನಿಂತಿತು. ಡೊರೊಥಿ ಮೊದಲು ಹಿಂದಕ್ಕೆ ತಿರುಗಿ ಅಣ್ಣನ ಬೆರಳು ಮುಟ್ಟಿ ನೋಡಿದಳು. "ಹಾಗೇ ಉಂಟು" ಎಂದಳು. ಎರಡು ನಿಮಿಷ ಉಸಿರು ತೆಗೆದುಕೊಂಡೆ. ಇನ್ನರ್ಧ ದಾರಿ ಬಾಕಿ ಇತ್ತು. ಯಾರೂ ಹೇಳದೆ ನಾನೇ ಕೋಲೆತ್ತಿದೆ.

ಆ ಉಳಿದರ್ಧ ನನಗೆ ಸರಿಯಾಗಿ ನೆನಪಿಲ್ಲ. ಒಂದು ತೆರೆ ನೇರವಾಗಿ ಒಳಗೆ ಬಂದು ಮಡಿಲಲ್ಲಿ ಕೂತದ್ದು, ವಾಲ್ಟರನ "ಎಡ! ಎಡ!" ಎಂಬ ಕೂಗು, ಕೊನೆಗೆ ದೋಣಿಯ ತಳಕ್ಕೆ ಮರಳು ಉಜ್ಜಿದ ಸದ್ದು. ಇಳಿಯಲು ಕಾಲೆತ್ತಿದರೆ ಕಾಲು ಬರಲಿಲ್ಲ. ಡೊರೊಥಿ ನನ್ನ ತೇಲು ಅಂಗಿಯ ಪಟ್ಟಿ ಹಿಡಿದು ಎಳೆದು ದಡಕ್ಕೆ ಹಾಕಿದಳು. ಒಳ್ಳೆಯ ಭುಜದಿಂದಲೋ ನೋವಿನ ಭುಜದಿಂದಲೋ ನಾನು ನೋಡಲಿಲ್ಲ.

ಪಟ್ಟಣ

ಕಾರು ಓಡಿಸಿದ್ದು ಡೊರೊಥಿ. ನಲ್ವತ್ತು ಮೈಲು ದೂರದ ಚಿಕ್ಕ ಆಸ್ಪತ್ರೆಯವರು ವಾಲ್ಟರನನ್ನು ನೋಡಿದ ಕೂಡಲೇ ಒಳಗೆ ಕರೆದುಕೊಂಡು ಹೋದರು. ಹೊರಗೆ ಬೆಂಚಿನ ಮೇಲೆ ನಾವಿಬ್ಬರು. ನನ್ನ ಪ್ಯಾಂಟಿನಿಂದ ನೀರು ತೊಟ್ಟಿಕ್ಕಿ ಅವರ ಹೊಳೆಯುವ ನೆಲದ ಮೇಲೆ ಮಡುಗಟ್ಟುತ್ತಿತ್ತು. ನಮ್ಮೂರಿನ ಆಸ್ಪತ್ರೆಯ ಜಗಲಿಯಾಗಿದ್ದರೆ ಇಷ್ಟು ಹೊತ್ತಿಗೆ ಗುರುತಿಲ್ಲದ ನಾಲ್ಕು ಜನ ಬಂದು "ಯಾರಿಗೆ, ಎಂತ ಆದ್ದು?" ಎಂದು ಕೇಳಿ, ನಮ್ಮ ಭಾರದಲ್ಲಿ ಸ್ವಲ್ಪವನ್ನು ಹೊತ್ತುಕೊಂಡು ಹೋಗುತ್ತಿದ್ದರು. ಇಲ್ಲಿ ಎಲ್ಲರೂ ಸಭ್ಯರು, ಯಾರೂ ಕೇಳಲಿಲ್ಲ. ಡೊರೊಥಿಗೆ ಕ್ಷಮಿಸು ಎನ್ನಲು ಬಾಯಿ ತೆರೆದೆ, ಮುಚ್ಚಿದೆ. ಆ ಶಬ್ದ ಅಷ್ಟು ದೊಡ್ಡ ನೀರಿಗೆ ಸಾಲದು ಅನ್ನಿಸಿತು.

ಕೊನೆಗೆ ವೈದ್ಯರು ಹೊರಬಂದು, ಎಲುಬು ಕೂರಿಸಿದ್ದೇವೆ, ಬೆರಳಿಗೆ ಬಿಸಿ ಬಂದಿದೆ ಎಂದರು. ಡೊರೊಥಿ ಒಳಗೆ ಹೋಗಿ ತಾನೇ ಮುಟ್ಟಿ ನೋಡಿ ಬಂದಳು. ಬರುವಾಗ ಅವಳ ಕೈಯಲ್ಲಿ ಒಂದು ಬಟ್ಟಲು ಬಿಸಿನೀರು, ಹತ್ತಿ, ಪಟ್ಟಿ.

"ಕೈ ಕೊಡು" ಎಂದಳು.

ನನ್ನ ಅಂಗೈಗಳನ್ನು ಒಂದೊಂದಾಗಿ ತೊಳೆದು, ಹರಿದ ಚರ್ಮವನ್ನು ಸರಿಸಿ, ಔಷಧಿ ಹಚ್ಚಿ ಸುತ್ತತೊಡಗಿದಳು. ತಲೆ ಎತ್ತದೆಯೇ ಕೇಳಿದಳು: "ದೋಣಿಯಲ್ಲಿ ಎಂತ ಕೂಗ್ತಾ ಇದ್ದದ್ದು ನೀನು?"

"ಹೆರುವವರಿಗೆ ಹೇಳುದು. ಇನ್ನೊಂದು ಸಲ ಅಂತ."

ಅವಳು ಪಟ್ಟಿಯ ಸುತ್ತು ನಿಲ್ಲಿಸಿದಳು. "ನಾನೂ ಅದನ್ನೇ ಹೇಳ್ತಿದ್ದೆ" ಎಂದಳು. "ಮೂವತ್ತೈದು ವರ್ಷ." ಮತ್ತೆ ಸುತ್ತತೊಡಗಿದಳು. "ನನಗೆ ಸಿಟ್ಟು ಹೋಗ್ಲಿಲ್ಲ. ಹೋಗ್ಲಿಕ್ಕೆ ಸ್ವಲ್ಪ ದಿನ ಬೇಕು."

"ಆಯ್ತು" ಎಂದೆ.

ವಾಲ್ಟರನನ್ನು ಕರೆದುಕೊಂಡು ಎದುರಿನ ಹೋಟೆಲಿಗೆ ಹೋದೆವು. ಅವನ ಬಲಗೈ ಮೊಣಕೈಯವರೆಗೆ ಗಾರೆ ಹಾಕಿದ ಹಾಗೆ ಬಿಳಿ. ನನ್ನ ಎರಡು ಕೈಗಳೂ ಬಟ್ಟೆಯ ಉಂಡೆಗಳು. ಮೂರು ತಟ್ಟೆಗಳಲ್ಲಿ ಮೂರು ದೊಡ್ಡ ಮೀನಿನ ತುಂಡುಗಳು ಬಂದವು. ಡೊರೊಥಿ ಮೊದಲು ಅಣ್ಣನದನ್ನು ತನ್ನ ಕಡೆ ಎಳೆದುಕೊಂಡು ಸಣ್ಣಗೆ ಕತ್ತರಿಸಿ ಕೊಟ್ಟಳು. ಆಮೇಲೆ ನನ್ನದನ್ನು ಎಳೆದುಕೊಂಡಳು. ಮುಳ್ಳು ಬಿಡಿಸಿದಳು, ತುಂಡು ಮಾಡಿದಳು, ಒಂದು ತುಂಡನ್ನು ಮುಳ್ಳುಚಮಚಕ್ಕೆ ಸಿಕ್ಕಿಸಿ, ಇನ್ನೂ ಗಂಟಿಕ್ಕಿದ ಮುಖದಲ್ಲೇ, ನನ್ನ ಬಾಯಿಯ ಹತ್ತಿರ ಹಿಡಿದಳು.

ನಾನು ಬಾಯಿ ತೆರೆದೆ.